ಬಾಗಿಲೆದುರಿನ ಗೋಡೆ

"ರೀ! ಗ್ವಾಡಿ ತುಳೀಬ್ಯಾಡ್ರಿ!"

ಕಂಪ್ಲಿಯ ಆ ಹೊಸ ಮನೆಯ ಬೋಳು ಅಂಗಳದಲ್ಲಿ ಆತ ಒಂಟಿ ಕಾಲಿನಲ್ಲೇ ನಿಂತುಬಿಟ್ಟ. ಸುತ್ತ ನೋಡಿದ. ಗೋಡೆ ಎಲ್ಲಿಯೂ ಕಾಣಲಿಲ್ಲ. ಕಾಲ ಕೆಳಗೆ ಸುಣ್ಣದ ಪುಡಿಯ ಬಿಳಿ ಗೆರೆಯೊಂದಿತ್ತು, ಅಷ್ಟೇ.

"ಎಲ್ಲೈತ್ರಿ ಗ್ವಾಡಿ?"

"ನಿಮ್ಮ ಎಡಗಾಲಿನ ಕೆಳಗ. ಅದರಾಚಿ ಮಲ್ಲಿಗಿ ಸಾಲು. ಬಲಗಾಲು ಇಳಿಸಿದ್ರ ಮಲ್ಲಿಗಿ ಮ್ಯಾಲ ನೋಡ್ರಿ!"

"ಹಂಗಾದ್ರ ಬಾಗಿಲಾ ಎಲ್ಲೈತಿ ಹೇಳ್ರಿ, ಸುತ್ತು ಹಾಕಿ ಬರ್ತೀನಿ. ನನ್ನ ಮನಿಗೆ ನಾನ ಗ್ವಾಡಿ ಹಾರಿ ಬಂದ್ರ ಮಂದಿ ಕಳ್ಳ ಅಂತಾರ!"

ಪಲ್ಲವಿ ಸುಣ್ಣದ ಡಬ್ಬಿ ಕೆಳಗಿಟ್ಟಳು. ಮನೆಗಳ ಒಳಾಂಗಣ, ಅಂಗಳ ರೂಪಿಸುವುದು ಅವಳ ಉದ್ಯೋಗ. ಈ ಮನೆಯ ಕೆಲಸವನ್ನು ಫೋನಿನಲ್ಲೇ ಒಪ್ಪಿಸಿದ್ದ ಅಕ್ಕಿ ಗಿರಣಿಯ ಮಾಲೀಕ ಮುರುಗೇಶ್ ಎಂದರೆ ಇವರೇ!

ಆತ ಮಾತ್ರ ನಿಜಕ್ಕೂ ಸುತ್ತು ಹಾಕಿ, ಗೆರೆಯಲ್ಲಿ ಬಿಟ್ಟ ಕಂಡಿಯೊಳಗಿಂದ ತಲೆ ಬಗ್ಗಿಸಿ ಬಂದ. ಇಲ್ಲದ ಬಾಗಿಲಿಗೂ ತಲೆ ಬಗ್ಗಿಸುವ ಗಂಡಸನ್ನು ಅವಳು ಮೊದಲ ಬಾರಿ ಕಂಡಿದ್ದಳು...

ಖಾಲಿ ಜಾಗ ಕಂಡೊಡನೆ ತುಂಬಿಬಿಡುವ ಆತುರ ಈ ಕಾಲದ ರೋಗ. ಗೃಹಪ್ರವೇಶಕ್ಕೆ ಮೊದಲೇ ಸೋಫಾ, ಷೋಕೇಸು, ಪ್ಲಾಸ್ಟಿಕ್ ಹೂವು! ಪಲ್ಲವಿಯ ಪದ್ಧತಿ ಬೇರೆ. ಬರಿಯ ಬಿಳಿ ಕೋಣೆಯಲ್ಲಿ ಒಂದು ಕುರ್ಚಿ ಇಟ್ಟು ಮುಂಜಾನೆ, ಮಧ್ಯಾಹ್ನ, ಸಂಜೆ ಕುಳಿತು ನೋಡಬೇಕು. ಬೆಳಕು ಎಲ್ಲಿ ಬೀಳುತ್ತದೆ, ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನು ಕೋಣೆಯೇ ಹೇಳುತ್ತದೆ.

ಮುರುಗೇಶ್ ಆಜ್ಞಾಪಾಲಕ ವಿದ್ಯಾರ್ಥಿಯಾದ. ಪ್ರತಿದಿನ ಫೋನು ಬರುತ್ತಿತ್ತು.

"ಮೇಡಮ್ಮೋರ, ಮುಂಜಾನಿ ಬಿಸಲು ಅಡಿಗಿಮನಿ ಮಟಾ ಬಂತ್ರಿ."

"ಮಧ್ಯಾಹ್ನ?"

"ಪಡಸಾಲಿ ಪಡುವಣ ಗ್ವಾಡಿ ಹಂಚಿನಂಗ ಕಾದೈತಿ. ರೊಟ್ಟಿ ಬಡಿದ್ರ ಸುಡ್ತಾವ!"

ಆ ಗೋಡೆಯಾಚೆ ಬೇವು ಬಂತು. ಬೇವಿನ ಕೆಳಗೆ ಕಲ್ಲಿನ ಕಟ್ಟೆ ಬಂತು. ಬಚ್ಚಲ ನೀರು ಹರಿಯುವಲ್ಲಿ ಕರಿಬೇವು, ಬಾಳೆ ಬಂದವು. ಕೆಲಸ ಮುಗಿದ ಮೇಲೂ ಮಾತು ಮುಗಿಯದಾಯಿತು.

ಉಳಿದದ್ದು ಈಶಾನ್ಯದ ದೇವರ ಕೋಣೆ. ಪಲ್ಲವಿ ಗೂಡಿನ ಅಳತೆ ತೆಗೆಯುತ್ತಿದ್ದಳು. ಬಾಗಿಲಲ್ಲಿ ನಿಂತ ಮುರುಗೇಶ್ ತಡವರಿಸಿದ.

"ಪಲ್ಲವಿಯವ್ರ... ನಿಮ್ಮ ಮನಿ ದೇವ್ರು ಯಾವುದ್ರಿ?"

ಟೇಪು ಅವಳ ಕೈಯಿಂದ ಜಾರಿ ಸರ್ರನೆ ಸುತ್ತಿಕೊಂಡಿತು.

ಈ ಪ್ರಶ್ನೆಯನ್ನು ಅವಳು ಬಲ್ಲಳು. ಹೊಸಪೇಟೆಯಲ್ಲಿ ಬಾಡಿಗೆ ಮನೆ ಹುಡುಕಿದಾಗ ಹೊಸ್ತಿಲು ಹೊಸ್ತಿಲಿನಲ್ಲೂ ಇದನ್ನೇ ಕೇಳಿದ್ದರು. ಜಾತಿ ಯಾವುದೆಂದು ಕೇಳಲು ನಾಚುವ ಸಭ್ಯರು ದೇವರ ಹೆಸರು ಕೇಳಿ ಜಾತಿ ತಿಳಿದುಕೊಳ್ಳುತ್ತಾರೆ. ಉತ್ತರ ಸಿಕ್ಕ ಕೂಡಲೇ ಮನೆಯನ್ನು ಬೇರೆಯವರಿಗೆ ಕೊಟ್ಟಾಗಿರುತ್ತದೆ! ದೇವರನ್ನೇ ಇಂಥ ನೀಚ ಕೆಲಸಕ್ಕೆ ದಲ್ಲಾಳಿಯಾಗಿಸಿ, ಮರುಗಳಿಗೆಯಲ್ಲಿ ಆ ದೇವರಿಗೇ ದೀಪ ಹಚ್ಚುವವರಿಗೆ ಏನೆನ್ನಬೇಕು?

'ಇವರೂ... ಇವರೂ ಅಂಥವರೇ?'

"ನಮ್ಮ ಮನ್ಯಾಗ ಬುದ್ಧ ಅದಾನ್ರಿ. ಬಾಜೂಕ ಬಾಬಾಸಾಹೇಬ್ರು. ನಿಮಗ ತಿಳೀಬೇಕಾದ್ದು ತಿಳೀತಲ್ರಿ?"

ಒಂದು ಮಾತು ಸಾಕಿತ್ತು. ಮುರುಗೇಶ್ ಆಡಲಿಲ್ಲ. ಅವನ ಕಣ್ಣು, ಅಂಗಳದಲ್ಲಿ ಸಸಿಗೆ ನೀರೆರೆಯುತ್ತಿದ್ದ ತಾಯಿ ಜಂಬಮ್ಮನ ಕಡೆ ಹೊರಳಿತು. ಪಲ್ಲವಿ ಅದನ್ನು ಕಂಡಳು.

"ಬ್ಯಾರೆ ಡಿಸೈನರ್ ನೋಡ್ಕೊಳ್ರಿ."

ಆಮೇಲೆ ಅವಳು ಅವನ ಫೋನು ಎತ್ತಲಿಲ್ಲ. ಎತ್ತದ ಪ್ರತಿ ಕರೆಗೂ ಒಳಗೊಳಗೇ ಅತ್ತಳು.

ಭಾನುವಾರ ಆತ ಪಾಪಿನಾಯಕನಹಳ್ಳಿಯ ಅವಳ ಮನೆ ಹುಡುಕಿಕೊಂಡು ಬಂದ. ಹೊಸ್ತಿಲಲ್ಲಿ ಅವಳ ತಾಯಿ ದುರ್ಗಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನಮ್ಮ ಓಣಿಗೆ ಇಸ್ತ್ರಿ ಅಂಗಿ ಹಾಕ್ಕೊಂಡು ಬರೋರು ಓಟು ಕೇಳೋರು ಒಬ್ರ. ನಿಂದು ಯಾವ ಪಾರ್ಟಿಯಪ್ಪಾ?"

"ಓಟಲ್ಲವ್ವಾ... ಮಾಫಿ ಕೇಳಾಕ ಬಂದೀನಿ."

ದುರ್ಗಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕುಂದ್ರು ಹಂಗಾರ. ಅದನ್ನ ಕೇಳಾಕ ಇಲ್ಲೀಮಟಾ ಯಾರೂ ಬಂದಿಲ್ಲ." ಚಹಾ ಇಡಲು ಒಳಗೆ ಹೋದಳು.

ಪಲ್ಲವಿ ನಿಂತೇ ಕೇಳಿದಳು. "ಯಾಕ ಕೇಳಿದ್ರಿ ನನ್ನ?"

"ನಮ್ಮ ಮನಿ ದೇವ್ರು ಕೊಟ್ಟೂರೇಶ. ನಮ್ಮವ್ವನ ತವರಿಂದು ಹುಲಿಗೆಮ್ಮ. ಮದಿವ್ಯಾಗಿ ಬರೋವಾಗ ಆಕಿ ಹುಲಿಗೆಮ್ಮನ ಫೋಟೊ ತಂದಿದ್ಲು. ನಮ್ಮಜ್ಜ, 'ಒಂದು ಮನ್ಯಾಗ ಎರಡು ದೇವ್ರು ನಡ್ಯಂಗಿಲ್ಲ' ಅಂದ. ಸೀರಿ ಟ್ರಂಕಿನ್ಯಾಗ ಇಟ್ಲು. ಈಗೂ ಶುಕ್ರವಾರ ಬಾಗಿಲಾ ಹಾಕ್ಕೊಂಡು ಟ್ರಂಕು ತೆಗೆದು ಕೈ ಮುಗೀತಾಳ..."

ಆತ ತಲೆ ತಗ್ಗಿಸಿದ.

"ನೀವು ನಮ್ಮ ಮನಿಗೆ ಬಂದ್ರ ನಿಮ್ಮ ದೇವ್ರು ಟ್ರಂಕಿನ್ಯಾಗ ಇರಬಾರ್ದು ಅಂತ, ಒಂದು ಗೂಡು ಬಿಡಾಕ ಕೇಳಿದೆ. ಆ ಮಾತು ನಿಮಗ ಹಿಂಗ ಚುಚ್ಚತೈತಿ ಅಂತ ತಿಳೀಲಿಲ್ರಿ. ನನಗ ಯಾರೂ ಹಂಗ ಕೇಳಿ ಬಾಗಿಲಾ ಹಾಕಿಲ್ಲ."

'ನಮ್ಮ ಮನಿಗೆ ಬಂದ್ರ...!' ಆ ಮಾತನ್ನು ಅವಳು ಮನಸ್ಸಿನಲ್ಲೇ ಮತ್ತೊಮ್ಮೆ ಆಡಿಕೊಂಡಳು. ಆದರೂ ಮೆತ್ತಗಾಗಲಿಲ್ಲ.

"ಕೇಳಿದ್ದಕ್ಕ ಕಾರಣ ಹೇಳಿದ್ರಿ. ಸುಮ್ಮ ನಿಂತಿದ್ದಕ್ಕ?"

"ಅಂಜಿದೆ. ಅವ್ವ ಏನಂತಾಳೋ ಅಂತ ಅಂಜಿದೆ."

ಸುಳ್ಳು ಹೇಳಲು ನೂರು ದಾರಿಗಳಿದ್ದವು. ಆತ ಒಂದನ್ನೂ ಹಿಡಿಯಲಿಲ್ಲ. ಪಲ್ಲವಿ ಮೆಲ್ಲಗೆ ಕೆಳಗೆ ಕುಳಿತಳು.

"ಈಗ ಅವ್ರಿಗೆ ಹೇಳೀರಾ?"

"ಹೇಳೀನಿ. ಜಗಳಾಡ್ಲಿಲ್ಲ, ಅತ್ಲು. 'ನನ್ನ ದೇವ್ರನ್ನ ಈ ಮನ್ಯಾಗ ಒಬ್ರೂ ಕೇಳ್ಲಿಲ್ಲ. ಆಕಿ ಬರಾಕಿಂತ ಮದ್ಲ ಆಕಿ ದೇವ್ರಿಗೆ ಗೂಡು ಮಾಡಾಕ ಹೊಂಟಿ' ಅಂದ್ಲು."

ತನ್ನ ಗಾಯವೊಂದನ್ನೇ ಅಳೆಯುತ್ತಿದ್ದ ಪಲ್ಲವಿಗೆ, ತನ್ನದೇ ಮನೆಯಲ್ಲಿ ಕದ ಹಾಕಿಕೊಂಡು ಕೈಮುಗಿಯುವ ಇನ್ನೊಬ್ಬ ಹೆಂಗಸು ಕಂಡಳು.

"ನಮ್ಮ ಬುದ್ಧಗ, ಬಾಬಾಸಾಹೇಬ್ರಿಗೆ ದೇವರ ಖೋಲ್ಯಾಗ ಗೂಡು ಬ್ಯಾಡ್ರಿ. ಪಡಸಾಲ್ಯಾಗ, ಬಾಗಿಲ ಎದುರಿನ ಗ್ವಾಡಿ ಮ್ಯಾಲ ಇರ್ಬೇಕು. ನಿಮ್ಮ ಗಿರಣಿ ಗಿರಾಕಿಗಳಿಗೂ ಕಾಣಂಗ. ಆದ್ರ ಮದ್ಲು ಹುಲಿಗೆಮ್ಮ ಟ್ರಂಕಿನಿಂದ ಹೊರಗ ಬರ್ಲಿ. ನಿಮ್ಮವ್ವನ ಕೈಲೆ."

"ಬಂದ್ರ... ನೀವು ಬರ್ತೀರಾ?"

"ಅಳತಿ ತಗೊಳ್ಳಾಕ ಬರ್ತೀನಿ."

ಒಳಗಿನಿಂದ ದುರ್ಗಕ್ಕನ ದನಿ ಬಂತು. "ಅಳತಿಗೆ ಹೊಂಟಾಕಿ ದನಿ ಯಾಕ ನಡಗಾಕತ್ತೈತಿ?"

ಕರೆ ಬಂದದ್ದು ಶುಕ್ರವಾರ. ಜಂಬಮ್ಮನೇ ಮಾತಾಡಿದಳು. "ಬಾರವ್ವಾ, ಮೊಳಿ ಎಲ್ಲಿ ಹೊಡೀಬೇಕು ಇಂವಗ ತಿಳಿಯವಲ್ದು."

ಪಡಸಾಲೆಯ ಬಿಳಿ ಗೋಡೆಯ ಮುಂದೆ ಜಂಬಮ್ಮ ಬಣ್ಣಗೆಟ್ಟ ಹುಲಿಗೆಮ್ಮನನ್ನು ಸೆರಗಿನಿಂದ ಒರೆಸುತ್ತಾ ನಿಂತಿದ್ದಳು. ನುಸಿಗುಳಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ. ಪಲ್ಲವಿ ಸ್ಟೂಲು ಹತ್ತಿ ಮೊದಲು ಹುಲಿಗೆಮ್ಮನನ್ನು ತೂಗುಹಾಕಿದಳು. ಪಕ್ಕದಲ್ಲಿ, ತಾನು ಮನೆಯಿಂದ ತಂದಿದ್ದ ಬುದ್ಧ. ಬಾಬಾಸಾಹೇಬರ ಪಟಕ್ಕೆ ಗುರುತು ಹಾಕುವಾಗ, ಹಿರಿಯಳ ಮನಸ್ಸು ನೋಯಬಾರದೆಂದು, ಗುರುತನ್ನು ತುಸು ಕೆಳಗಿಳಿಸಿದಳು.

"ಅದ್ಯಾಕ ಕೆಳಗ?" ಜಂಬಮ್ಮ ಕೇಳಿದಳು.

"ಇರ್ಲಿ ಬಿಡ್ರಿ, ಅಮ್ಮಾರ..."

"ಇರಬಾರ್ದವ್ವಾ. ಸಮ ಮಾಡು. ಅಡಗಿಸಿ ಇಟ್ರ ಹೆಂಗಿರ್ತೈತಂತ ನನಗ ಗೊತ್ತೈತಿ."

ಕಣ್ಣೊರೆಸಿಕೊಂಡು ಆಕೆ ಅಡುಗೆಮನೆಗೆ ನಡೆದಳು. ಪಲ್ಲವಿಯ ಕಣ್ಣಿಗೆ ಗೋಡೆ ಮಂಜಾಯಿತು.

ಸ್ಟೂಲು ಹಿಡಿದಿದ್ದ ಮುರುಗೇಶ್ ಮೇಲೆ ನೋಡಿದ. "ಪಲ್ಲವಿ... ನನ್ನ ಜೋಡಿ ಬಾಳ್ವಿ ಮಾಡ್ತೀಯಾ?"

"ಮೊಳಿ ಕೊಡ್ರಿ ಮದ್ಲು."

"ಇದೇನ್ ಜವಾಬು?"

ಅವಳು ಕಣ್ಣೀರಿನೊಳಗೇ ನಕ್ಕಳು.

"ನಾ ಇರದ ಮನಿ ಗ್ವಾಡಿಗೆ ನಮ್ಮ ಬಾಬಾಸಾಹೇಬ್ರನ್ನ ಬಿಟ್ಟು ಹೋಗ್ತೀನೇನ್ರಿ?"