ನೀರಿನ ದಾರಿಗೆ ಕೆಂಪು ಅಕ್ಷರ

ಸೋಮವಾರ ಬೆಳಿಗ್ಗೆ ಎಂಟಕ್ಕೆ ಎಗ್ಯಾಕ್ರೋಮ್ ಊರಿನ ಪೊಲೀಸ್ ಠಾಣೆಗೆ ದೂರು ಬಂತು. ದೂರುದಾರ ಮೇಸ್ತ್ರಿ ಲಾರ್ಬಿ. ಪೊಲೀಸರಿಗಾಗಿ ಸರ್ಕಾರ ಕಟ್ಟಿಸುತ್ತಿದ್ದ ವಸತಿಗೃಹದ ಅರ್ಧ ಎದ್ದ ಕಾಂಪೌಂಡ್ ಗೋಡೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ 'ದಯವಿಟ್ಟು ಕೆಲಸ ನಿಲ್ಲಿಸಿ, ಪರವಾನಗಿ ತೋರಿಸಿ' ಎಂದು ಬರೆದಿದ್ದರು. ಪುರಸಭೆ ಬರೆಯುವ ಆ ಕೆಂಪಿನ ಹಿಂದೆಯೇ ಬುಲ್‌ಡೋಜರ್ ಬರುವುದು ಊರಿಗೆಲ್ಲ ಗೊತ್ತು. ಆಳುಗಳು ಕೆಲಸ ಬಿಟ್ಟು ಕೂತಿದ್ದರು.

ಇನ್ಸ್‌ಪೆಕ್ಟರ್ ಎಬೋ ಅಮಿಸ್ಸಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಫಿಫಿಯೊಂದಿಗೆ ಹೊರಟರು. ಸೋರುವ ಬಾಡಿಗೆ ಕೋಣೆಯಲ್ಲಿ ವರ್ಷಗಟ್ಟಲೆ ಕಳೆದ ಅಮಿಸ್ಸಾರಿಗೂ ಆ ವಸತಿಗೃಹದಲ್ಲಿ ಒಂದು ಮನೆ ಮಂಜೂರಾಗಿತ್ತು. ಸಿಟ್ಟು ಬಾರದಿರುತ್ತದೆಯೇ?

ಪಂಚನಾಮೆ ಬರೆಯುತ್ತಿದ್ದ ಫಿಫಿ ನಕ್ಕ. "ಸಾರ್, ಮೊದಲಲ್ಲೇ 'ದಯವಿಟ್ಟು' ಅಂತಿದೆ. ಪುರಸಭೆಯೋರು ಯಾವತ್ತಾದ್ರೂ ದಯವಿಟ್ಟು ಅಂದಿದ್ದುಂಟಾ?"

"ಕೆಳಗಿರೋ ತಾರೀಕು ನೋಡು."

ತಾರೀಕು ಹೋದ ವರ್ಷದ್ದು.

ಇಬ್ಬರೂ ಪುರಸಭೆಗೆ ಹೋದಾಗ ಕಟ್ಟಡ ನಿರೀಕ್ಷಕ ಕ್ವಾನ್ಸಾ ಬೆವರಿದ. "ನಾವಲ್ಲ ಸಾರ್! ಸರ್ಕಾರದ ಕಟ್ಟಡಕ್ಕೆ ನಿಮ್ಮ ಪರವಾನಗಿ ಬೇಕಿಲ್ಲ ಅಂತ ಮೇಲಿನೋರು ನಮ್ಮ ಬಾಯಿ ಮುಚ್ಚಿಸಿದಾರೆ."

"ಈ ತಾರೀಕು?"

"ಅವತ್ತು ಬರೆದಿದ್ದು ಒಂದೇ ಕಡೆ. ಅರಬಮ್ಮ ಮೀನು ಹೊಗೆಗಿಡೋ ಶೆಡ್ಡಿನ ಮೇಲೆ. ಅದೂ ಈಗ ಗೋಡೆ ಎದ್ದಿರೋ ಜಾಗವೇ ಸಾರ್. ಮಳೆನೀರಿನ ದಾರಿ, ಏನೂ ಕಟ್ಟೋ ಹಾಗಿಲ್ಲ ಅಂತ ಒಡೆಸಿದ್ವಿ."

ಅರಬಾ ಎಸ್ಸುಮನ್ ಹೊಸ ಒಲೆಯ ಮುಂದೆ ಕೂತಿದ್ದರು. ಹಳೆಯ ಶೆಡ್ಡಿನ ಹಲಗೆಯೇ ಈಗ ಬೆಂಚು. ಅದರ ಮೇಲಿನ ಕೆಂಪು ಅಕ್ಷರ ಇನ್ನೂ ಮಾಸಿರಲಿಲ್ಲ. ಅವರು ಇಬ್ಬರಿಗೂ ನೀರು ಕೊಟ್ಟು, ಕುಡಿದು ಮುಗಿಸುವ ತನಕ ಕಾದು, ಆಮೇಲೆ ಬಂದ ಕಾರಣ ಕೇಳಿದರು.

"ಅಮ್ಮಾ, ಗೋಡೆ ಮೇಲೆ ಬರೆದಿದ್ದು ನೀವಾ?"

"ನಾನೇ ಕಣಪ್ಪ. ಈ ಹಲಗೆ ನೋಡ್ಕೊಂಡು ಬರೆದೆ."

"ತಾರೀಕನ್ನೂ ಬಿಟ್ಟಿಲ್ಲ!"

"ಬಿಟ್ರೆ ಆರ್ಡರ್ ನಡೆಯಲ್ಲ ಅನ್ಕೊಂಡೆ."

"ಮತ್ತೆ ದಯವಿಟ್ಟು?"

"ಸರ್ಕಾರ ದೊಡ್ಡೋರಲ್ವಾ? ದೊಡ್ಡೋರ ಹತ್ರ ಒರಟಾಗಿ ಮಾತಾಡಕ್ಕಾಗತ್ತಾ?"

ಫಿಫಿ ಮುಖ ತಿರುಗಿಸಿ ನಗು ನುಂಗಿದ.

"ಪುರಸಭೆಯೋರು ನೀರಿನ ದಾರಿ ಅಂದ್ರು. ಹೌದಲ್ಲ ಅನ್ನಿಸಿ, ನನ್ನ ಒಲೆಯ ಮೊದಲ ಇಟ್ಟಿಗೆ ನಾನೇ ಕಿತ್ತೆ," ಎಂದರು ಅರಬಾ. "ಈಗ ಅಲ್ಲೇ ಗೋಡೆ. ಉಳಿದಿರೋ ಸಂದೂ ಮುಚ್ಚಿದ್ರೆ ಮಳೆನೀರು ನನ್ನ ಮೊಮ್ಮಕ್ಕಳು ಮಲಗೋ ಕೋಣೆಗೇ ನುಗ್ಗೋದು."

ಹನ್ನೊಂದೂವರೆಗೆ ಬಂಧನವಾಯಿತು. ಆರೋಪಿ ದಾರಿಯಲ್ಲಿ ಹಸಿವಾದೀತೆಂದು ಪೊಲೀಸರಿಗೂ ಸೇರಿಸಿ ಹೊಗೆಮೀನು, ಮೆಕ್ಕೆಜೋಳದ ಕಡುಬು ಕೆಂಕೆ ಕಟ್ಟಿಕೊಂಡರು. ಮಧ್ಯಾಹ್ನವೇ ಜಾಮೀನು ಸಿಕ್ಕಿತು.

ಸಂಜೆ ಲಾರ್ಬಿ ಸುಣ್ಣದ ಬಕೆಟ್ ಹಿಡಿದು ಠಾಣೆಗೆ ಬಂದ. "ಆ ಅಕ್ಷರದ ಮೇಲೆ ಬಳಿದುಬಿಡ್ಲಾ ಸಾರ್? ನಾಳೆ ಸಂದು ಮುಚ್ಚಬೇಕು."

"ಮುಟ್ಟಬೇಡ. ಗೋಡೆ ಈಗ ಸಾಕ್ಷ್ಯ. ಕೋರ್ಟು ನೋಡೋ ತನಕ ಒಂದು ಇಟ್ಟಿಗೇನೂ ಇಡೋ ಹಾಗಿಲ್ಲ."

"ಅಂದ್ರೆ ಕೆಲಸ ನಿಲ್ಲಿಸಬೇಕಾ?"

"ದಯವಿಟ್ಟು," ಎಂದರು ಅಮಿಸ್ಸಾ.

ಪ್ರಕರಣದ ವರದಿಯಲ್ಲಿ 'ಕೃತ್ಯಕ್ಕೆ ಪ್ರೇರಣೆ' ಎಂಬಲ್ಲಿ ಅವರು ಬರೆದದ್ದು ಇಷ್ಟೇ: ಆರೋಪಿಯು ಪುರಸಭೆಯ ಮಾತನ್ನು ನಂಬಿದ್ದರು. ಆಮೇಲೆ ಮನೆಗೆ ಹೋಗಿ, ಸೋರುವ ಕೋಣೆಯನ್ನು ಇನ್ನೊಂದು ವರ್ಷಕ್ಕೆ ತಮಗೇ ಬಿಡಬೇಕೆಂದು ಮಾಲೀಕರನ್ನು ಕೇಳಿಕೊಂಡರು.