ಇಲ್ಲವಂತೆ

“ಹೇಳು, ನಿಮ್ಮ ಅಮ್ಮನಿಗೂ ಹೇಳು,” ಎಂದರು ಮಿಸ್. “ಈಗ ನೀನು ಎಷ್ಟು ಚೆನ್ನಾಗಿ ಮಾತಾಡ್ತೀಯ ಅಂತ ಅವರಿಗೂ ಗೊತ್ತಾಗಲಿ.”

ಚಿನಕುರಳಿ ಪಕ್ಕಕ್ಕೆ ತಿರುಗಿದಳು. ಅಮ್ಮ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿಗಳನ್ನು ಒತ್ತಿಕೊಂಡು ಕುಳಿತಿದ್ದಳು. ಇಸ್ತ್ರಿಯ ಬಿಸಿಗೆ ಒರಟಾದ ಬೆರಳುಗಳು ಕೈಚೀಲವನ್ನು ಬಿಗಿಯಾಗಿ ಹಿಡಿದಿದ್ದವು.

“ನಾನು ಚೆನ್ನಾಗಿ ಮಾತಾಡ್ತೀನಂತೆ ಅಮ್ಮ.”

“ಅದನ್ನ ಇವರು ಬೇರೆ ಹೇಳಬೇಕಾ? ಹುಟ್ಟಿದಾಗಿನಿಂದ ವಟವಟ ಅಂತಾನೇ ಇದ್ದೀಯ,” ಎಂದು ಅಮ್ಮ ನಕ್ಕಳು.

ಬಾಯಿ ತೆರೆದರೆ ಚಟಪಟ ಸಿಡಿಯುತ್ತಾಳೆಂದು ಅಪ್ಪ ಇಟ್ಟ ಹೆಸರು ಚಿನಕುರಳಿ. ಆದರೆ ಒಂದು ವರ್ಷದ ಹಿಂದೆ ಈ ದೇಶಕ್ಕೆ ಬಂದಾಗ ಆ ಚಿನಕುರಳಿ ಪಟಾಕಿ ನೀರಲ್ಲಿ ನೆನೆದಂತಾಗಿತ್ತು. ಇಲ್ಲಿಯ ಭಾಷೆ ಅವಳಿಗೆ ಬರುತ್ತಿರಲಿಲ್ಲ. ಶಾಲೆ ಶುರುವಾದ ದಿನ ಮಿಸ್ ಎಲ್ಲರನ್ನೂ “ಈ ವರ್ಷ ನಿನ್ನ ಗುರಿ ಏನು?” ಎಂದು ಕೇಳಿದಾಗ ಅವಳು ಒಂದು ಬಾಯಿಯ ಚಿತ್ರ ಬರೆದು ಕೊಟ್ಟಿದ್ದಳು. ವರ್ಷದ ಕೊನೆಗೆ ಈಗ ಒಬ್ಬೊಬ್ಬ ವಿದ್ಯಾರ್ಥಿಯೂ ಮನೆಯವರೊಂದಿಗೆ ಬಂದು, ಹಳೆಯ ಗುರಿ ಏನಾಯಿತು, ಮುಂದಿನ ಗುರಿ ಏನು ಎಂದು ಹೇಳಬೇಕಿತ್ತು.

“ಮುಂದಿನ ವರ್ಷ ಚರ್ಚಾ ತಂಡಕ್ಕೆ ಸೇರ್ತೀನಿ, ಮಿಸ್.”

“ಭೇಷ್!”

ಅಮ್ಮ ಅವಳ ಮೊಣಕೈಯನ್ನು ಮೆಲ್ಲಗೆ ತಿವಿದಳು. “ನಾನು ಬೆಳಿಗ್ಗೆ ಹೇಳಿದ್ದು ಕೇಳೇ. ಮರೀಬೇಡ ಕಣೇ.”

ಮರೆಯುವುದು ಹೇಗೆ? ಬೆಳಿಗ್ಗೆ ತಲೆ ಬಾಚುವಾಗಲೂ ಅದೇ ಮಾತು, ಚಪ್ಪಲಿ ಮೆಟ್ಟುವಾಗಲೂ ಅದೇ ಮಾತು. ಊರಲ್ಲಿ ಅಮ್ಮ ಹೊಲಿಗೆ ಕಲಿಸುವ ಟೀಚರ್ ಆಗಿದ್ದಳು. ಇಲ್ಲಿ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಆ ಲಾಂಡ್ರಿಯ ಕಿಟಕಿಯ ಬಳಿ ಒಂದು ಹೊಲಿಗೆ ಮಷೀನು ಇತ್ತು. ಕಿತ್ತುಹೋದ ಗುಂಡಿ, ಬಿಚ್ಚಿದ ಅಂಚು, ಉದ್ದವಾದ ತೋಳು, ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಅಲ್ಲಿ ಕೂರುವ ಹೆಂಗಸು ಕೆಲಸ ಬಿಡಲಿದ್ದಳು. ಅಮ್ಮ ಆ ಜಾಗವನ್ನು ಕೇಳಿದಾಗ ಸೂಪರ್‌ವೈಸರ್, “ಅಲ್ಲಿ ಕೂತವರು ಗಿರಾಕಿಗಳ ಜೊತೆ ಮಾತಾಡಬೇಕು. ಮೊದಲು ಮಾತು ಕಲಿ,” ಎಂದಿದ್ದ. ಆ ಮಾತನ್ನು ಅಮ್ಮನಿಗೆ ತಿಳಿಸಿದವಳೂ ಚಿನಕುರಳಿಯೇ.

“ಮಿಸ್, ದೊಡ್ಡವರಿಗೆ ಇಲ್ಲಿಯ ಭಾಷೆ ಕಲಿಸುವ ಜಾಗ ಎಲ್ಲಾದರೂ ಇದೆಯಾ ಅಂತ ಅಮ್ಮ ಕೇಳ್ತಿದ್ದಾರೆ.”

ಮಿಸ್ ಅವರ ಮುಖ ಅರಳಿತು. “ಎಲ್ಲಾದರೂ ಯಾಕೆ? ಇಲ್ಲೇ ಇದೆ!” ಎಂದು ಅಮ್ಮ ಕುಳಿತಿದ್ದ ಕುರ್ಚಿಯನ್ನೇ ತೋರಿಸಿದರು. ಗೋಡೆಯ ಕ್ಯಾಲೆಂಡರಿನತ್ತ ಬೆರಳು ಚಾಚಿದರು. “ಶನಿವಾರ ಶನಿವಾರ, ಇದೇ ಕೋಣೆಯಲ್ಲಿ. ನಾನೇ ಕಲಿಸ್ತೀನಿ. ಮಕ್ಕಳ ಹಾಗೇ ಜೋರಾಗಿ ಓದಿಸ್ತೀನಿ, ನಾಚಿಕೆ ಪಡಬಾರದು ಅಂತ ಹೇಳು. ಆದರೆ ಈ ವಾರವೇ ಹೆಸರು ಕೊಡಬೇಕು. ಕುರ್ಚಿಗಳು ಕಡಿಮೆ.”

ಶನಿವಾರ. ಇದೇ ಕೋಣೆ. ಕಿಟಕಿಯಾಚೆ ಆಟದ ಬಯಲು. ಅವಳ ಕ್ಲಾಸಿನ ಮಕ್ಕಳೆಲ್ಲ ಶನಿವಾರ ಚೆಂಡಾಡುವುದು ಅಲ್ಲಿಯೇ.

ಹಿಂದೊಮ್ಮೆ ಅಮ್ಮ ಶಾಲೆಯ ಗೇಟಿನಲ್ಲಿ ಕಾವಲುಗಾರನಿಗೆ ಇಲ್ಲಿಯ ಭಾಷೆಯಲ್ಲೇ ಧನ್ಯವಾದ ಹೇಳಲು ಹೋಗಿದ್ದಳು. ನಾಲಿಗೆ ತೊಡರಿ ಆ ಪದ ಎಳೆದೆಳೆದು ಬಂದಿತ್ತು. ಆಮೇಲೆ ಮಕ್ಕಳು ಅದನ್ನು ಹಾಗೆಯೇ ಎಳೆದು ಹೇಳಿ ಕುಣಿದಿದ್ದರು. ಇಂದಿಗೂ ಬಿಟ್ಟಿರಲಿಲ್ಲ. ಇನ್ನು ಅಮ್ಮ ಇಲ್ಲಿ ಕುಳಿತು ಜೋರಾಗಿ ಓದಿದರೆ?

“ಏನಂತೆ?” ಅಮ್ಮ ಮುಂದಕ್ಕೆ ಬಾಗಿದಳು.

“ಇಲ್ಲವಂತೆ.”

“ಅಮ್ಮ ಏನಂದ್ರು?” ಎಂದು ಮಿಸ್ ಕೇಳಿದರು.

“ಯೋಚಿಸಿ ಹೇಳ್ತಾರಂತೆ, ಮಿಸ್.”

ಇಬ್ಬರು ದೊಡ್ಡವರೂ ಅವಳನ್ನು ನಂಬಿದರು. ಒಬ್ಬರನ್ನೊಬ್ಬರು ನೋಡಿ ಮುಗುಳ್ನಕ್ಕರು.

ಅಂದು ಸಂಜೆ ಅಪ್ಪ ಮೂಗು ಸೋರಿಸುತ್ತಾ ಮನೆಗೆ ಬಂದ. ಅವನ ಕೆಲಸ ಮೀನು, ಮಾಂಸ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ. ಹೊರಗೆ ಬಿಸಿಲಿದ್ದರೂ ಅವನಿಗೆ ಚಳಿಗಾಲವೇ.

“ಏನಮ್ಮಾ, ಗುರಿ ಹೇಳಿ ಬಂದ್ರಾ? ನನ್ನನ್ನೂ ಕೇಳಿ,” ಎಂದು ಊಟಕ್ಕೆ ಕುಳಿತ. “ಹೋದ ವರ್ಷ ನನ್ನ ಗುರಿ ಲಾರಿ ಓಡಿಸೋದು. ಈ ವರ್ಷ ಮೂಗು ಸೋರದೆ ಇದ್ರೆ ಸಾಕು.”

ಯಾರೂ ನಗಲಿಲ್ಲ. ಅಪ್ಪ ಅಮ್ಮನನ್ನು ನೋಡಿದ. “ನಿನ್ನ ವಿಷಯ ಏನಾಯ್ತೇ?”

“ಅಂಥ ಕ್ಲಾಸ್ ಇಲ್ಲವಂತೆ ರೀ. ಹೋಗ್ಲಿ ಬಿಡಿ. ಇಸ್ತ್ರಿ ಪೆಟ್ಟಿಗೆ ಜೊತೆ ಮಾತು ಬೇಕಾಗಿಲ್ವಲ್ಲ.”

“ಇರ್ಲಿ ಬಿಡು. ನಮ್ಮ ಚಿನಕುರಳಿ ಇದ್ದಾಳಲ್ಲ. ಮನೆಗೆಲ್ಲ ಇವಳೊಬ್ಬಳ ಬಾಯಿ ಸಾಕು.”

ಚಿನಕುರಳಿ ತಟ್ಟೆ ಎತ್ತಿಕೊಂಡು ಎದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನವೂ ಹಾಗೆಯೇ ಅಂದುಕೊಂಡಳು. ವಾರ ಕಳೆದುಹೋಯಿತು.

ಶಾಲೆ ಬಿಟ್ಟ ಮೇಲೆ ಅವಳು ರಸ್ತೆಯಾಚೆಯ ಲಾಂಡ್ರಿಗೆ ಹೋಗಿ ಅಮ್ಮನಿಗಾಗಿ ಕಾಯುವುದು ವಾಡಿಕೆ. ಆ ಸೋಮವಾರ ಬಾಗಿಲು ತಳ್ಳಿದೊಡನೆ ಸೂಪರ್‌ವೈಸರ್ ಕೂಗಿದ. “ಬಂದಳು ನೋಡು. ಬಾ, ನಿನ್ನ ತಾಯಿಗೆ ಹೇಳು.”

ಇಸ್ತ್ರಿ ಮೇಜಿನ ಮೇಲೆ ಒಂದು ಕಪ್ಪು ಮಖಮಲ್ ಕೋಟು ಮಲಗಿತ್ತು. ಅದರ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಆಕಾರದಲ್ಲಿ ಮಖಮಲ್ಲಿನ ನವಿರೆಲ್ಲ ಚಪ್ಪಟೆಯಾಗಿ ಮಿರಮಿರ ಮಿಂಚುತ್ತಿತ್ತು. ಆವಿ ಉಗುಳುವ ಯಂತ್ರಗಳ ನಡುವೆ ಅಮ್ಮ ಕೈಕಟ್ಟಿ ನಿಂತಿದ್ದಳು. ಉಳಿದ ಕೆಲಸದವರು ತಲೆ ಎತ್ತದೆ ಚಾದರಗಳನ್ನು ಮಡಿಸುತ್ತಿದ್ದರು.

“ಕೋಟು ಹಾಳಾಯಿತು. ‘ಇದು ನೀನು ಮಾಡಿದ್ದಾ?’ ಅಂತ ಇವಳನ್ನ ಕೇಳಿದೆ. ನಗ್ತಾ ತಲೆ ಆಡಿಸಿದಳು. ನಗ್ತಾ! ಇಂಥ ದಡ್ಡರನ್ನ ಕಟ್ಟಿಕೊಂಡು ನಾನು ಅಂಗಡಿ ನಡೆಸಬೇಕು. ಅದನ್ನೂ ಹೇಳು. ಒಂದೂ ಬಿಡಬೇಡ.”

ಮಗುವಿನ ಬಾಯಿಂದಲೇ ತಾಯಿಯನ್ನು ಬೈಯಿಸುವುದಕ್ಕೆ ಆ ಮನುಷ್ಯನಿಗೆ ಕಿಂಚಿತ್ತೂ ನಾಚಿಕೆಯಾಗಲಿಲ್ಲ.

“ಅಮ್ಮ, ಇದನ್ನ ನೀನು ಮಾಡಿದ್ಯಾ?”

“ಅಯ್ಯೋ, ಇಲ್ಲ ಕಣೇ! ಮಖಮಲ್ಲನ್ನ ಯಾರಾದ್ರೂ ಮೇಲಿಂದ ಒತ್ತುತ್ತಾರಾ? ನನ್ನ ಹತ್ತಿರ ಕಲಿಯೋಕೆ ಬರ್ತಿದ್ದ ಹುಡುಗೀರಿಗೂ ಅದು ಗೊತ್ತು.”

“ಮತ್ತೆ ಕೇಳಿದಾಗ ಹೂಂ ಅಂತ ತಲೆ ಆಡಿಸಿದ್ಯಂತೆ?”

ಅಮ್ಮನ ಮುಖ ಸಪ್ಪಗಾಯಿತು. “ಕೋಟು ತೋರಿಸಿ ಏನೋ ಅಂದ. ‘ಇದನ್ನ ನೋಡ್ತೀಯಾ?’ ಅಂತ ಕೇಳ್ತಿದ್ದಾನೆ ಅಂದ್ಕೊಂಡೆ. ಸರಿಮಾಡಿ ಕೊಡೋಣ ಅಂತ...”

ಇಲ್ಲಿಗೆ ಬಂದಾಗಿನಿಂದ ಅಮ್ಮನ ರೀತಿಯೇ ಅದು. ಯಾರೇನು ಅಂದರೂ ನಗುವುದು, ತಲೆಯಾಡಿಸುವುದು. ಹಾಗೆ ಮಾಡಿದರೆ ಯಾರಿಗೂ ಕೋಪ ಬರುವುದಿಲ್ಲವೆಂದು ಅವಳು ನಂಬಿದ್ದಳು.

ಚಿನಕುರಳಿ ಅಮ್ಮನ ಮಾತನ್ನು ಹೇಳಿದಳು. ಸೂಪರ್‌ವೈಸರ್ ಕೈ ಬೀಸಿದ. “ಆಗ ಹೂಂ, ಈಗ ಉಹೂಂ! ಮಗಳು ಬಂದ ಕೂಡಲೇ ಕತೆ ಬದಲಾಯಿತಾ? ಮಕ್ಕಳ ಮಾತು ನನಗೆ ಬೇಡ. ನಾಳೆಯಿಂದ ಇವಳು ಹಿಂದಿನ ತೊಟ್ಟಿಗಳ ಹತ್ತಿರ ಹೋಗಿ ಕೊಳೆ ಬಟ್ಟೆ ನೆನೆಸಲಿ. ಮಷೀನಿಗೆ ಬೇರೆಯವರು ಬರ್ತಾರೆ. ಇವಳು ಅದರ ಕಡೆ ಕಣ್ಣೂ ಹಾಕಬಾರದು ಅಂತ ಹೇಳು.”

ತಪ್ಪು ಯಾರದೆಂದು ಅವನು ಮತ್ತೊಬ್ಬರನ್ನು ಕೇಳಲಿಲ್ಲ. ಕೇಳುವ ಅಗತ್ಯವೇ ಅವನಿಗೆ ಕಾಣಲಿಲ್ಲ.

“ನಾಳೆಯಿಂದ ಹಿಂದೆ ಕೆಲಸವಂತೆ ಅಮ್ಮ,” ಎಂದಳು ಚಿನಕುರಳಿ.

ಇಬ್ಬರೂ ರಸ್ತೆಗೆ ಇಳಿದರು. ತಿರುವಿನಲ್ಲಿ ಅಮ್ಮ ನಿಂತಳು.

“ಅವನು ಅಷ್ಟುದ್ದ ಮಾತಾಡ್ದ. ನೀನು ಇಷ್ಟೇ ಇಷ್ಟು ಹೇಳಿದೆ. ಉಳಿದದ್ದೆಲ್ಲ ಎಲ್ಲಿ ಹೋಯ್ತು?”

“ಅದು... ಬೈಗುಳ ಅಮ್ಮ. ಅದನ್ನ ಹೇಗೆ ಹೇಳ್ಲಿ? ಮಷೀನಿಗೆ ಬೇರೆಯವರು ಬರ್ತಾರಂತೆ.”

ಅಮ್ಮ ತಲೆಯಾಡಿಸಲಿಲ್ಲ. ನಗಲೂ ಇಲ್ಲ. “ಅವತ್ತು ನಿಮ್ಮ ಮಿಸ್ಸೂ ಹೀಗೇ ಅಷ್ಟುದ್ದ ಮಾತಾಡಿದ್ರು. ನೀನು ಒಂದೇ ಮಾತಲ್ಲಿ ಇಲ್ಲವಂತೆ ಅಂದೆ. ಅವರು ಕುರ್ಚಿ ತೋರಿಸಿದ್ರು, ಕ್ಯಾಲೆಂಡರ್ ತೋರಿಸಿದ್ರು. ಇಲ್ಲ ಅನ್ನೋಕೆ ಯಾರಾದ್ರೂ ಕುರ್ಚಿ ತೋರಿಸ್ತಾರಾ ಮಗಳೇ?”

ಚಿನಕುರಳಿಯ ಕಣ್ಣು ತುಂಬಿ ಬಂತು. “ನಿಂಗೆ ಅವತ್ತೇ ಅನುಮಾನ ಬಂದಿತ್ತಾ? ಮತ್ತೆ ಯಾಕೆ ಕೇಳಲಿಲ್ಲ?”

“ಯಾರನ್ನ ಕರ್ಕೊಂಡು ಹೋಗಿ ಕೇಳ್ಲಿ? ಅದಕ್ಕೂ ನೀನೇ ಬೇಕಲ್ಲ.”

ಅಮ್ಮ ಬೈದಿದ್ದರೆ ಒಳ್ಳೆಯದಿತ್ತು. ಒಂದು ಏಟು ಕೊಟ್ಟಿದ್ದರೂ ಒಳ್ಳೆಯದಿತ್ತು. ಅವಳು ಸುಮ್ಮನೆ ಮುಂದೆ ನಡೆದಳು.

ಮರುದಿನ ಬೆಳಿಗ್ಗೆ, ಗಂಟೆ ಬಾರಿಸುವುದಕ್ಕಿಂತ ಮುಂಚೆ, ಚಿನಕುರಳಿಯೇ ಅಮ್ಮನ ಕೈಹಿಡಿದು ಮಿಸ್ ಅವರ ಮುಂದೆ ಕರೆದುತಂದಳು. ತಾನು ಎರಡೂ ಕಡೆ ಹೇಳಿದ ಸುಳ್ಳನ್ನು ತಾನೇ ಹೇಳಿದಳು.

ಮಿಸ್ ಹೆಸರುಗಳ ಪಟ್ಟಿ ತೆರೆದು ನೋಡಿದರು. ಆಮೇಲೆ ಮಾತಾಡಿದರು. ಚಿನಕುರಳಿ ಅಮ್ಮನ ಕಡೆಗೆ ತಿರುಗಿ, ಒಂದೊಂದೇ ಮಾತು ಜೋಡಿಸಿಕೊಂಡು ಹೇಳತೊಡಗಿದಳು.

“ಮಿಸ್ ಹೇಳ್ತಿದ್ದಾರೆ, ‘ನೀವು ಯೋಚಿಸ್ತಿದ್ದೀರಿ ಅಂದ್ಕೊಂಡು ಒಂದು ಕುರ್ಚಿ ಹಿಡಿದಿಟ್ಟಿದ್ದೆ. ಮೊನ್ನೆ ಬೇರೆಯವರಿಗೆ ಕೊಟ್ಟುಬಿಟ್ಟೆ. ಈಗ ಜಾಗವಿಲ್ಲ. ಮುಂದಿನ ಕ್ಲಾಸು ಇನ್ನು ಬರುವ ವರ್ಷವೇ. ನನಗೆ ಬೇಸರವಾಗಿದೆ.’ ಆಮೇಲೆ ಅಂದ್ರು, ‘ಇವಳಿಂದ ನಾನು ಇದನ್ನ ನಿರೀಕ್ಷಿಸಿರಲಿಲ್ಲ.’ ಇವಳು ಅಂದ್ರೆ ನಾನು.”

“ಅಷ್ಟೇನಾ?”

“ಅಷ್ಟೇ ಅಮ್ಮ. ಏನೂ ಬಿಟ್ಟಿಲ್ಲ.”

ಅಮ್ಮ ಆ ಪುಟ್ಟ ಕುರ್ಚಿಗಳನ್ನು ಒಮ್ಮೆ ನೋಡಿದಳು. “ಇನ್ನೂ ಒಂದು ವರ್ಷ,” ಎಂದಳು. “ಸರಿ, ನಡಿ. ತೊಟ್ಟಿ ತುಂಬಿಸೋ ಹೊತ್ತಾಯ್ತು.”

ಗೇಟಿನ ಬಳಿ ಅವಳ ಕ್ಲಾಸಿನ ಮಕ್ಕಳು ಚೆಂಡು ಹಿಡಿದು ನಿಂತಿದ್ದರು. ಅಮ್ಮನನ್ನು ಕಂಡೊಡನೆ ಒಬ್ಬ ಆ ಪದವನ್ನು ಎಳೆದೆಳೆದು ಹೇಳಿದ. ಉಳಿದವರು ಕಿಸಕ್ಕೆಂದರು. ಅಮ್ಮ ಎಂದಿನಂತೆ ಅವರತ್ತ ನೋಡಿ ನಕ್ಕಳು.

“ಏನಂತೆ ಆ ಮಕ್ಕಳು?”

ಪ್ರತಿ ಸಲವೂ ಚಿನಕುರಳಿ, “ನಿನಗೆ ನಮಸ್ಕಾರ ಹೇಳ್ತಿದ್ದಾರೆ,” ಎನ್ನುತ್ತಿದ್ದಳು.

“ನಿನ್ನ ಹಾಗೆ ಮಾತಾಡಿ ಆಡಿಕೊಳ್ತಿದ್ದಾರೆ ಅಮ್ಮ,” ಎಂದಳು ಈ ಸಲ.

“ಗೊತ್ತು ಕಣೇ. ಮೊದಲ ದಿನದಿಂದ ಗೊತ್ತು. ಆಡಿಕೊಳ್ಳೋದು ಅರ್ಥ ಆಗೋಕೂ ಕ್ಲಾಸ್ ಬೇಕಾ?”

ಚಿನಕುರಳಿ ಬೆರಗಾಗಿ ನಿಂತಳು. “ಮತ್ತೆ ನೀನು ದಿನಾ ಅವರನ್ನ ನೋಡಿ ನಗ್ತಿದ್ದೆ?”

“ನನಗೆ ಅರ್ಥ ಆಯ್ತು ಅಂತ ತಿಳಿದ್ರೆ ನಿನಗೆ ಅಳು ಬರುತ್ತಲ್ಲ, ಅದಕ್ಕೆ.” ಅಮ್ಮ ಅವಳ ಕಾಲರನ್ನು ಸರಿಮಾಡಿದಳು. “ಹೋಗು, ಗಂಟೆ ಹೊಡೀತಾರೆ.”

ಅಮ್ಮ ರಸ್ತೆ ದಾಟಿದಳು. ಚೆಂಡು ಹಿಡಿದ ಹುಡುಗ ಹತ್ತಿರ ಬಂದ. “ಏಯ್, ನಿಮ್ಮಮ್ಮ ಏನೋ ಅಂದ್ರಲ್ಲ, ಏನು?”

ಚಿನಕುರಳಿ ಅವರ ಭಾಷೆಯಲ್ಲಿ, ಅಮ್ಮ ಹೇಳಿದಷ್ಟನ್ನೂ ಹೇಳಿದಳು. ಯಾವುದನ್ನೂ ಚಿಕ್ಕದು ಮಾಡಲಿಲ್ಲ. ಹುಡುಗ ಚೆಂಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೆಲ ನೋಡಿದ. ಹಿಂದೆ ನಿಂತಿದ್ದ ಇನ್ನೊಬ್ಬ ಮತ್ತೆ ನಕ್ಕ. ಆಮೇಲೆ ಎಲ್ಲರೂ ಚೆಂಡು ಕುಟ್ಟುತ್ತಾ ಒಳಗೆ ಹೋದರು.

ಗಂಟೆ ಬಾರಿಸಿತು. ಚಿನಕುರಳಿ ಕದಲಲಿಲ್ಲ. ಆಚೆ ಬದಿಯಲ್ಲಿ ಅಮ್ಮ ಲಾಂಡ್ರಿಯ ಕಿಟಕಿಯ ಮುಂದೆ ಹಾದುಹೋದಳು. ಒಳಗೆ ಮಷೀನಿನ ಮುಂದೆ ಹೊಸಬಳೊಬ್ಬಳು ಬಾಗಿ ದಾರ ಪೋಣಿಸುತ್ತಿದ್ದಳು. ಅಮ್ಮ ಅತ್ತ ನೋಡದೆ, ಮುಂಬಾಗಿಲನ್ನೂ ದಾಟಿ, ಹಿಂದಿನ ಓಣಿಗೆ ತಿರುಗಿದಳು.