ಹದಿನಾಲ್ಕರಿಂದ ಹತ್ತೊಂಬತ್ತರವರೆಗಿನ ಕಲ್ಲುಗಳು

ದಿನಾಂಕ 13-08-2012, ಸೋಮವಾರ ಬೆಳಿಗ್ಗೆ 10.20ಕ್ಕೆ ಗೌಹರಬೇಗಂ ಶಹಾಪುರ ಠಾಣೆಗೆ ಬಂದರು. ಜಲಾನಯನ ನಕ್ಷೆ ತಯಾರಿಸುವ ತಂಡದ ಸರ್ವೇಯರ್ ಅವರು. ಚಪ್ಪಲಿಗೆ ಎರೆಮಣ್ಣು ಮೆತ್ತಿತ್ತು, ಕೈಯಲ್ಲಿ ಎರಡು ಪುಟದ ದೂರಿತ್ತು.

"ಏನ್ ಕಳುವಾಗ್ಯದ್ರಿ?" ಪಿಎಸ್‌ಐ ಈಶಪ್ಪ ಕೇಳಿದರು.

"ಕಲ್ರಿ ಸರ್. ಆರು ಕಲ್ಲು."

ಹೆಡ್ ಕಾನ್‌ಸ್ಟೇಬಲ್ ಅಬ್ದುಲ್ ಕರೀಮ ನಗುತ್ತ ಎತ್ತಿದ ಪೆನ್ನನ್ನು ಹಾಗೇ ಕೆಳಗಿಟ್ಟರು. ಊರ ಮಗ್ಗುಲಿಗೆ ಇಡೀ ಗುಡ್ಡವೇ ಇರುವಾಗ ಕಲ್ಲು ಕಳುವಾಯಿತೆಂದು ದೂರು ತಂದವರನ್ನು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ನೋಡಿರಲಿಲ್ಲ.

"ನಗಬ್ಯಾಡ್ರಿ," ಎಂದರು ಗೌಹರಬೇಗಂ. "ಯಾದಗಿರಿ ಜಿಲ್ಲಾ ಆದ ಮ್ಯಾಲ ಊರು ಹಳ್ಳದ ಮೈಮ್ಯಾಲ ಬೆಳದದ. ಗುಡ್ಡದ ನೀರು ಭೀಮಾ ನದಿಗೆ ಹೋಗೋ ದಾರಿ ಯಾವುದು, ಅದರಾಗ ಎಷ್ಟು ಮನಿ ಬಂದಾವ, ಎಲ್ಲಾ ನಕ್ಷೆ ಮಾಡಾಕತ್ತೀವಿ. ಹಳ್ಳದ ಅಂಚಿಗೆ ನಂಬರ್ ಕಲ್ಲು ನೆಟ್ಟೀವಿ. ಹದಿನಾಲ್ಕರಿಂದ ಹತ್ತೊಂಬತ್ತರ ತನಕ ಕೀಳೋದು ಇದು ಮೂರನೇ ಸಲ. ಮೊದಲೆರಡು ಸಲ ಕಿತ್ತು ಮಗ್ಗುಲಿಗೆ ಇಟ್ಟಿದ್ರು, ಈ ಸಲ ಕಲ್ಲೇ ಇಲ್ಲ."

"ಮತ್ತ ನೆಟ್ಟರಾತು," ಎಂದರು ಈಶಪ್ಪ.

"ಮೂವತ್ತೊಂದನೇ ತಾರೀಖಿಗೆ ತಪಾಸಣೆ ಅದ್ರಿ. ಅವತ್ತು ಕಲ್ಲು ಇರದಿದ್ರ ಅಷ್ಟು ಹಳ್ಳ ನಕ್ಷೆದಾಗ ಬರಂಗಿಲ್ಲ. ನಕ್ಷೆದಾಗ ಇಲ್ಲಂದ್ರ ಅಲ್ಲೂ ಪ್ಲಾಟಿಗೆ ಮಂಜೂರಿ ಸಿಗ್ತದ. ಆಮ್ಯಾಲ ಒಂದು ದೊಡ್ಡ ಮಳಿ ಸಾಕು, ತಗ್ಗಿನ ಓಣಿ ಪೂರಾ ಮುಳುಗ್ತದ. ಅಲ್ಲಿ ನಾಕ್ನೂರು ಮನಿ ಅದಾವ."

ಕರೀಮರ ನಗು ಅಲ್ಲಿಗೆ ನಿಂತಿತು. ಎಫ್‌ಐಆರ್ ಸಂಖ್ಯೆ 118/2012, ಐಪಿಸಿ ಕಲಂ 379 ಮತ್ತು 434 ಎಂದು ದಾಖಲಾಯಿತು.

ಮಧ್ಯಾಹ್ನ 12.45ಕ್ಕೆ ಸ್ಥಳ ಪಂಚನಾಮೆ. ಹಳ್ಳವೂ ಉಪಕಾಲುವೆಯೂ ಕೂಡುವ ಜಾಗವದು. ಕಾಲುವೆ ಬಂದ ಹೊಸದರಲ್ಲಿ ಭತ್ತ ಬೆಳೆದ ಹೊಲಗಳಲ್ಲಿ ಈಗ ಪ್ಲಾಟಿನ ಗೂಟಗಳಿದ್ದವು. ಕಣ್ಣು ಹಾಯುವಷ್ಟು ದೂರ ಒಂದು ಆಳೂ ಇಲ್ಲ. ಕಾಲುವೆಯ ಗೇಟಿನ ಪಕ್ಕ ಒಂದೇ ಒಂದು ತಗಡಿನ ಮನೆ.

ಕಲ್ಲು ಕಿತ್ತ ಕುಣಿಗಳನ್ನು ನೋಡಿ ಈಶಪ್ಪನವರಿಗೆ ಸೋಜಿಗವಾಯಿತು. ಹಾರೆ ಹಾಕಿ ನಾಜೂಕಾಗಿ ಎತ್ತಿದ್ದರು. ಯಾರೂ ಎಡವದಿರಲೆಂದು ಕುಣಿಗೆ ಮಣ್ಣು ತುಂಬಿ ತಟ್ಟಿದ್ದರು ಕೂಡ.

ತಗಡಿನ ಮನೆಯಿಂದ ಒಬ್ಬ ಮನುಷ್ಯ ಲಗುಬಗೆಯಿಂದ ಬಂದ. ಹೆಸರು ಲಾಲಪ್ಪ, ವಯಸ್ಸು ಐವತ್ತಾರು. ಕಾಲುವೆ ನೀರು ಹಂಚುವ ಸೌಡಿ.

"ಪಂಚರು ಬೇಕೇನ್ರಿ ಸಾಹೇಬ್ರ?" ಎಂದು ತಾನೇ ಕೇಳಿದ. ಅಂಗಿಯ ಕಿಸೆಯಲ್ಲಿ ಪೆನ್ನಿತ್ತು.

"ಯಾರು ಕಿತ್ತಾರ, ನೋಡೀಯೇನು?"

"ಇಲ್ರಿ. ಚಹಾ ಕುಡೀತೀರಿ?"

ಎಲ್ಲರಿಗೂ ಚಹಾ ಬಂತು, ಹೊಳೆಯುವ ಗಾಜಿನ ಲೋಟಗಳಲ್ಲಿ. ಲಾಲಪ್ಪ ಮೊದಲನೇ ಪಂಚನಾಗಿ ನಿಧಾನವಾಗಿ ಸಹಿ ಮಾಡಿದ. ಎರಡನೆಯವನು ಸರ್ವೇ ತಂಡದ ಜೀಪಿನ ಡ್ರೈವರ್.

ಮಂಗಳವಾರ ಬೆಳಿಗ್ಗೆ ಲೇಔಟ್ ಮಾಲೀಕ ಚಂದ್ರಾಮಪ್ಪನನ್ನು ಠಾಣೆಗೆ ಕರೆಸಿದರು. ಗುಮಾನಿ ಇದ್ದದ್ದೇ ಅವನ ಮೇಲೆ.

"ಕಲ್ಲು ಹೋದ್ರ ಫಾಯದೆ ಯಾರಿಗದ?"

"ನನಗ ಅಂತೀರಿ. ನನ್ನ ಪ್ಲಾಟಿನ ಮುಂದ ಒಂಬತ್ತರಿಂದ ಹದಿಮೂರನೇ ಕಲ್ಲು ಅದಾವ. ಹೋಗಿ ನೋಡ್ರಿ, ಒಂದೂ ಅಳಗಾಡಿಲ್ಲ. ಕೀಳೋದಿದ್ರ ನನ್ನವ ಕೀಳ್ತಿದ್ದೆ, ಪರರವ ಯಾಕ ಕೀಳ್ಲಿ?"

ಕರೀಮ ಹೋಗಿ ನೋಡಿ ಬಂದರು. ಅವನು ಹೇಳಿದ್ದು ನಿಜವಾಗಿತ್ತು. ಉಳಿದ ಜಮೀನಿನ ಮಾಲೀಕರೆಲ್ಲ ಮಾರಿ ಸುರಪುರ, ಹುಣಸಗಿ ಕಡೆ ಹೋಗಿದ್ದರು, ಕೊಂಡವರು ಕಲಬುರಗಿಯಲ್ಲಿದ್ದರು. ಎರಡು ದಿನ ಫೋನಿನಲ್ಲೇ ವಿಚಾರಿಸಿದರೂ ಕಿತ್ತವನಾರೆಂದು ತಿಳಿಯಲಿಲ್ಲ.

ಗುರುವಾರ 16ರ ಮಧ್ಯಾಹ್ನ ಈಶಪ್ಪ ಖಾನಾವಳಿಯಲ್ಲಿ ಉಂಡು ಬಂದರು. ಅವರ ಮನೆಯವರು ಹುಣಸಗಿಯಲ್ಲಿದ್ದುದರಿಂದ ಎಂಟು ತಿಂಗಳಿಂದ ಊಟಕ್ಕೆ ಖಾನಾವಳಿಯೇ ಗತಿ. ಬಂದವರೇ ಗೌಹರಬೇಗಂ ಕೊಟ್ಟ ಹಳೆಯ ಕಾಗದಗಳನ್ನು ತೆರೆದರು. ಕಲ್ಲು ನೆಟ್ಟಾಗಲೆಲ್ಲ ಇಬ್ಬರು ಸಾಕ್ಷಿಗಳ ಎದುರು, ಅವರಲ್ಲಿ ಒಬ್ಬರಾದರೂ ಸ್ಥಳೀಯರಿರುವಂತೆ, ಮಹಜರು ಬರೆಯುವುದು ನಿಯಮ. ಮೂರು ಮಹಜರುಗಳಲ್ಲೂ ಮೊದಲ ಸಾಕ್ಷಿ ಲಾಲಪ್ಪ. ಮೊದಲನೆಯದರಲ್ಲಿ ಇರುವೆಯಂಥ ಸಹಿ, ಎರಡನೆಯದರಲ್ಲಿ ಪೂರ್ತಿ ಹೆಸರು. ಮೂರನೆಯದರಲ್ಲಿ ಹೆಸರು, ತಂದೆಯ ಹೆಸರು, ಊರು ಎಲ್ಲ ಇದ್ದವು, ಅಡಿಗೆರೆ ಸಹಿತ.

"ಕರೀಮ್, ಚಹಾ ಕೊಟ್ಟಾಗ ಎಷ್ಟು ಗ್ಲಾಸ್ ಇದ್ದವು?"

"ಆರು, ಸಾಹೇಬ್ರ. ಎಲ್ಲಾ ಹೊಸವು."

"ಆ ಮನ್ಯಾಗ ಎಷ್ಟು ಮಂದಿ ಅದಾರ?"

"ಅವನೊಬ್ಬನ ರೀ," ಎನ್ನುತ್ತ ಕರೀಮ ಜೀಪಿನ ಕೀಲಿ ತೆಗೆದುಕೊಂಡರು.

ಪೇಟೆಯಿಂದ ಇಬ್ಬರು ಪಂಚರನ್ನು ಕೂರಿಸಿಕೊಂಡು 3.30ಕ್ಕೆ ಅಲ್ಲಿಗೆ ತಲುಪಿದಾಗ ಲಾಲಪ್ಪ ಗೇಟಿನ ತಿರುಪಿಗೆ ಗ್ರೀಸ್ ಹಚ್ಚುತ್ತಿದ್ದ. ಎರಡು ವರ್ಷದಿಂದ ನೀರಿಲ್ಲದ ಗೇಟು. ಮನೆಯೊಳಗೆ ಹೊರಸಿನ ಕೆಳಗೆ ಗೋಣಿಚೀಲ ಹಾಸಿ ಕಲ್ಲುಗಳನ್ನು ಇಟ್ಟಿದ್ದ. ಆರೂ ತೊಳೆದವು, ನಂಬರಿನ ಪ್ರಕಾರ ಜೋಡಿಸಿದವು.

"ಯಾರರೆ ಹೇಳಿ ಮಾಡ್ಸ್ಯಾರೇನು?"

"ಇಲ್ರಿ."

"ಮತ್ತ ಯಾಕ ಕಿತ್ತಿ?"

ಲಾಲಪ್ಪ ಕೈಗೆ ಹತ್ತಿದ ಗ್ರೀಸನ್ನು ಟವೆಲಿಗೆ ಒರೆಸಿಕೊಂಡ.

"ಕಲ್ಲು ಹೋದ್ರ ಸರ್ವೇದವ್ರು ಮತ್ತ ಬರ್ತಾರ್ರಿ."

ಅವನೇ ಮುಂದುವರಿಸಿದ. "ಮೊದ್ಲ ನೀರಿನ ಪಾಳಿ ಬಂತಂದ್ರ ಈ ಕಟ್ಟಿ ಮ್ಯಾಲ ಮೂವತ್ತು ಮಂದಿ ಕುಂದರತಿದ್ರು. ಲಾಲಪ್ಪ ನನಗ ಬಿಡು, ಲಾಲಪ್ಪ ನನಗ ಬಿಡು ಅಂತ ಜಗಳ ಮಾಡ್ತಿದ್ರು. ಬೈತಿದ್ರು, ರೊಟ್ಟಿ ಕೊಡ್ತಿದ್ರು. ಹೊಲ ಹೋದವು, ಮಂದೀನೂ ಹೋದ್ರು. ಹೆಂಡ್ತಿ ತೀರಿ ಹನ್ನೊಂದು ವರ್ಷ ಆತ್ರಿ. ಆ ಮೇಡಂ ಬಂದವ್ರು ನಿನ್ನ ಹೆಸರೇನು ಅಂತ ಕೇಳಿ ಕಾಗದದಾಗ ಬರಕೊಂಡ್ರು. ಕುಂತು ಚಹಾ ಕುಡದ್ರು."

"ನಕ್ಷೆ ಕೆಡತದ, ಓಣಿ ಮುಳುಗ್ತದ ಅನ್ನೋದು ಗೊತ್ತಿತ್ತಿಲ್ಲೋ?"

"ಕಡೀಗೆ ನಾನ ತಂದಿಡೋನಿದ್ದೆ. ಮೂವತ್ತನೇ ತಾರೀಖಿಗೆ."

ಜಪ್ತಿ ಪಂಚನಾಮೆ ಬರೆದು ಮುಗಿದಾಗ ಲಾಲಪ್ಪ ಅಭ್ಯಾಸಬಲದಿಂದ ಪೆನ್ನು ತೆಗೆದು ಮುಂದೆ ಬಂದ.

"ನೀ ಮಾಡಂಗಿಲ್ಲಪ್ಪ," ಎಂದರು ಕರೀಮ. "ನೀ ಆರೋಪಿ."

ಅವನು ಪೆನ್ನನ್ನು ಕಿಸೆಗೆ ಹಾಕಿಕೊಂಡ. ಕಲ್ಲು ಸಿಕ್ಕಾಗ ಬಾಡದ ಮುಖ ಆಗ ಬಾಡಿತು. ಈಶಪ್ಪನವರಿಗೆ ಕೆಡುಕೆನಿಸಿತು.

ಠಾಣೆಯಲ್ಲಿ 5.10ಕ್ಕೆ ಬಂಧನದ ಮೆಮೊ ಬರೆಯಲು ಕೂತರು. ಹೆಸರು, ವಯಸ್ಸು, ಕಲಂ ಎಲ್ಲ ತುಂಬಿದವು. ಬಂಧನದ ವಿಷಯ ಯಾರಿಗೆ ತಿಳಿಸಲಾಯಿತು ಎಂಬ ಕಾಲಮ್ಮಿಗೆ ಬಂದು ಪೆನ್ನು ನಿಂತಿತು.

"ಯಾರಿಗೆ ಹೇಳೂಣು?"

ಲಾಲಪ್ಪ ಕಿಸೆಯ ಪೆನ್ನನ್ನು ಮುಟ್ಟಿ ನೋಡಿಕೊಂಡ.

"ಅಣ್ಣತಮ್ಮರು? ದೋಸ್ತರು?"

"ಆ ಗೌಹರಬೇಗಂ ಮೇಡಂಗ ಹೇಳ್ರಿ."

"ಫಿರ್ಯಾದಿ ಅವ್ರ ಅದಾರಲ್ಲೋ ಮಾರಾಯ."

"ಹೌದ್ರಿ. ಅವ್ರಿಗೆ ನನ್ನ ಹೆಸರು ಗೊತ್ತದ."

ಈಶಪ್ಪ ಹಾಗೇ ಬರೆದರು. ಸಂಬಂಧ ಎಂಬಲ್ಲಿ 'ಫಿರ್ಯಾದಿ' ಎಂದು ಬರೆಯಹೋಗಿ, ತಡೆದು, 'ಪರಿಚಿತರು' ಎಂದು ಬರೆದರು.

5.40ಕ್ಕೆ ಫೋನ್ ಮಾಡಿದಾಗ ಗೌಹರಬೇಗಂ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಶನಿವಾರ ಬ್ಯಾರೆ ಕಲ್ಲು ನೆಡ್ತೀನ್ರಿ, ನಕ್ಷೆ ಆಗ್ತದ," ಎಂದರು. ಮತ್ತೆ ತಡೆದು ಕೇಳಿದರು: "ಆದ್ರ ಸರ್, ಅಲ್ಲಿ ಬ್ಯಾರೆ ಯಾರೂ ಇಲ್ಲ. ಇನ್ನ ಸಾಕ್ಷಿ ಸಹಿ ಯಾರು ಮಾಡ್ತಾರ್ರಿ?"